ನಲವತ್ತು ದಿನದ ಅಕ್ಕಿ

ಬೀಟ್ರೂಟ್ ಕಂಡರೆ ನಾನು ಈಗ ರಸ್ತೆಯ ಆಚೆ ಬದಿಗೆ ದಾಟುತ್ತೇನೆ. ಮೊದಲು ಹಾಗಿರಲಿಲ್ಲ. ವಿಕ್ರೋಳಿ ಸ್ಟೇಷನ್ನಿನ ಹೊರಗೆ ಅದನ್ನು ಗುಡ್ಡೆ ಹಾಕಿ ಮಾರುತ್ತಿದ್ದರೆ ನಾನು ತಿರುಗಿಯೂ ನೋಡುತ್ತಿರಲಿಲ್ಲ, ಅಷ್ಟೆ. ನನ್ನ ಗಂಡ ತಿಲಕ್ ಎಣ್ಣೆ ಸಾಗಿಸುವ ಹಡಗಿನಲ್ಲಿ ಅಡುಗೆಯವರು. ಆ ಹಡಗಿನ ಸಾಮಾನಿನ ಪಟ್ಟಿಯಲ್ಲಿ ಎರಡು ಗೋಣಿ ಬೀಟ್ರೂಟ್ ಬಂದ ದಿನದಿಂದ ನನ್ನ ನಿದ್ದೆ ಹೋಯಿತು.

ಹಡಗಿನ ಪಟ್ಟಿ ನಮ್ಮ ಮನೆಗೆ ಯಾಕೆ ಬರಬೇಕು ಎಂದು ನೀವು ಕೇಳಬಹುದು. ತಿಲಕ್ ಹಡಗು ಹತ್ತುವ ಮೊದಲು ಹತ್ತೊಂಬತ್ತು ವರ್ಷ ವಿಲೆ ಪಾರ್ಲೆಯ ಹೋಟೆಲಿನಲ್ಲಿ ಅಡುಗೆ ಮಾಡಿದವರು. ಇನ್ನೂರು ಜನರ ಸಾಂಬಾರಿಗೆ ಉಪ್ಪು ನೋಡದೆ ಹಾಕುತ್ತಾರೆ, ಹೆಚ್ಚುಕಡಿಮೆ ಆದದ್ದಿಲ್ಲ. ಇಂಗ್ಲಿಷ್ ಬರೆಯುವುದೊಂದು ಮಾತ್ರ ಬಾರದು. ಹಡಗಿನಲ್ಲಿ ಸಾಮಾನಿನ ಪಟ್ಟಿಯನ್ನು ಇಂಗ್ಲಿಷಿನಲ್ಲಿ ಬರೆದು ಕ್ಯಾಪ್ಟನ್ ಸಹಿ ತೆಗೆದುಕೊಳ್ಳಬೇಕು. ಬರುವುದಿಲ್ಲ ಎಂದು ಹೇಳಿದರೆ ಮಾನ ಹೋಗುತ್ತದಂತೆ. ಅದಕ್ಕೆ ಅವರು ಬೇಕಾದದ್ದನ್ನೆಲ್ಲ ಫೋನಿನಲ್ಲಿ ಮಾತಾಡಿ ಕಳಿಸುವುದು, ನಮ್ಮ ಮಗಳು ವಿಜೇತಾ ಅದನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಕಳಿಸುವುದು, ಅವರು ಅಲ್ಲಿ ಪ್ರಿಂಟ್ ತೆಗೆದು ಕ್ಯಾಪ್ಟನ್ ಮುಂದೆ ಇಡುವುದು. ಮೂರು ವರ್ಷದಿಂದ ಇದೇ ನಡೆದಿತ್ತು. ನಮ್ಮ ಅಡುಗೆಯವನ ಇಂಗ್ಲಿಷ್ ಬಹಳ ಚೆನ್ನಾಗಿದೆ ಎಂದು ಕ್ಯಾಪ್ಟನ್ ಹೊಗಳಿದ್ದನ್ನು ತಿಲಕ್ ನಾಚಿಕೆಯಿಲ್ಲದೆ ನಮಗೆ ಹೇಳಿದ್ದರು.

ಪಟ್ಟಿಯ ಮೊದಲ ಸಾಲಿನಲ್ಲಿ ಮಾತ್ರ ಯಾವಾಗಲೂ ಅರಶಿನವೇ ಇರಬೇಕು. ಸ್ಟೋರಿನಲ್ಲಿ ಆರು ತಿಂಗಳಿಗಾಗುವಷ್ಟು ಅರಶಿನ ಬಿದ್ದಿದ್ದರೂ ಸರಿ, ಕಾಲು ಕಿಲೋ ಅರಶಿನ ಎಂದು ಬರೆದೇ ಮುಂದಿನದು. ಶುಭಕ್ಕೆಂದು ನಮ್ಮ ಕಡೆಯ ಅಡುಗೆಯವರೆಲ್ಲ ಹಾಗೆಯೇ ಬರೆಯುವುದು. ಒಮ್ಮೆ ವಿಜೇತಾ ಅವಸರದಲ್ಲಿ ಅಕ್ಕಿಯನ್ನು ಮೊದಲು ಹಾಕಿ ಕಳಿಸಿದ್ದಳು. ಅರ್ಧ ಗಂಟೆಯಲ್ಲಿ ಅಪ್ಪನ ಬೈಗುಳ ಬಂತು, ಇದೆಂತ ಬೊಜ್ಜದ ಪಟ್ಟಿಯಾ ಅಂತ. ಬೊಜ್ಜ ಎಂದರೆ ಸತ್ತವರ ಹೆಸರಿನಲ್ಲಿ ಹಾಕುವ ಊಟ. ಆ ಒಂದು ಅಡುಗೆಯ ಪಟ್ಟಿಗೆ ಮಾತ್ರ ನಮ್ಮವರು ಅರಶಿನ ಮೊದಲು ಬರೆಯುವುದಿಲ್ಲ. ಮುಂಬಯಿಯಲ್ಲೇ ಹುಟ್ಟಿ ಬೆಳೆದ ಹುಡುಗಿಗೆ ಇದೆಲ್ಲ ಎಲ್ಲಿ ಗೊತ್ತಿರಬೇಕು. ಆಮೇಲೆ ಅವಳು ತಪ್ಪಲಿಲ್ಲ.

ಆ ಮಂಗಳವಾರ ಮಧ್ಯಾಹ್ನ ನಾನು ಗ್ರೈಂಡರ್ ತೊಳೆಯುತ್ತಿದ್ದೆ. ನಮ್ಮ ಕನ್ನಮ್‌ವಾರ್ ನಗರದ ನಲವತ್ತು ಮನೆಗಳಿಗೆ ಇಡ್ಲಿ-ದೋಸೆ ಹಿಟ್ಟು ಕೊಡುವುದು ನನ್ನ ಕೆಲಸ. ಹಡಗು ಗುಜರಾತಿನ ಬಂದರಿನಲ್ಲಿ ಎಣ್ಣೆ ಇಳಿಸಿ ಖಾಲಿ ನಿಂತಿತ್ತು. ವಿಜೇತಾ ಅಪ್ಪನ ಮಾತು ಕೇಳಿಕೊಂಡು ಗಟ್ಟಿಯಾಗಿ ಓದುತ್ತ ಟೈಪ್ ಮಾಡುತ್ತಿದ್ದಳು. ಅರಶಿನ ಕಾಲು ಕಿಲೋ. ಅಕ್ಕಿ ಹದಿನೈದು ಮೂಟೆ. ನನ್ನ ಕೈ ನಿಂತಿತು. ಇನ್ನೊಮ್ಮೆ ಓದು ಎಂದೆ. ಹದಿನೈದೇ. ಬೀಟ್ರೂಟ್ ಎರಡು ಗೋಣಿ, ಎಲೆಕೋಸು ಮೂರು ಗೋಣಿ, ಹಂದಿಮಾಂಸ ಎಂಬತ್ತು ಕಿಲೋ, ಹೊಸ ಹಾಸಿಗೆ ನಾಲ್ಕು.

ಅಕ್ಕಿಯ ಅಳತೆ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಡಗಿನಲ್ಲಿ ಇಪ್ಪತ್ತಮೂರು ಜನ. ಆ ಕಂಪನಿ ಎಂಥ ಜಿಪುಣ ಎಂದರೆ ಹತ್ತು ದಿನಕ್ಕಿಂತ ಹೆಚ್ಚಿನ ಸಾಮಾನು ಕೊಟ್ಟದ್ದೇ ಇಲ್ಲ, ನಾಲ್ಕು ಮೂಟೆ ಅಕ್ಕಿಗೆ ಐದನೆಯದು ಸೇರಿದರೆ ಕ್ಯಾಪ್ಟನ್ ಅದರ ಮೇಲೆ ಗೆರೆ ಎಳೆಯುತ್ತಿದ್ದ. ಹದಿನೈದು ಮೂಟೆ ಎಂದರೆ ಹತ್ತಿರ ಹತ್ತಿರ ನಲವತ್ತು ದಿನದ ಅಕ್ಕಿ. ಅವರು ಹೋಗಬೇಕಾದದ್ದು ದುಬೈ ಪಕ್ಕದ ಫುಜೈರಾ ಬಂದರಿಗೆ, ಮೂರು ದಿನದ ದಾರಿ. ಮತ್ತೆ ಬೀಟ್ರೂಟು, ಎಲೆಕೋಸು ಯಾರಿಗೆ? ಹಡಗಿನಲ್ಲಿದ್ದವರೆಲ್ಲ ನಮ್ಮ ದೇಶದವರೇ.

ಕೆಳಗಿನ ಮಹಡಿಯ ಐತ ಮಾವನನ್ನು ಕರೆದೆ. ಐತ ಮಾವ ತಿಲಕರ ಸೋದರಮಾವ, ಎಪ್ಪತ್ತೆರಡು ವರ್ಷ. ಮೂವತ್ತು ವರ್ಷ ಹಡಗಿನಲ್ಲಿ ಭಂಡಾರಿಯಾಗಿ, ಅಂದರೆ ಅಡುಗೆಯವರಾಗಿಯೇ, ದುಡಿದು ಬಂದವರು. ಈಗ ದಿನಕ್ಕೆ ಮೂರು ಪೇಪರ್ ಓದುತ್ತಾರೆ, ಪ್ರಪಂಚದ ಯಾವ ಮೂಲೆಯಲ್ಲಿ ಯಾರು ಯಾರಿಗೆ ಗುರ್ ಎಂದರೂ ಅವರಿಗೆ ಗೊತ್ತು. ಬಾಯಿ ಬಿಟ್ಟರೆ ನಿಲ್ಲಿಸುವುದಿಲ್ಲ. ಆ ದಿನ ಮಾತ್ರ ಪಟ್ಟಿಯನ್ನು ಎರಡು ಸಲ ಓದಿಸಿ ಕೇಳಿದರು.

ಆಮೇಲೆ ಅವರು ಹೇಳಿದ್ದರ ತಾತ್ಪರ್ಯ ಇಷ್ಟು. ರಷ್ಯಾ ಯುದ್ಧಕ್ಕೆ ಹೋದ ಮೇಲೆ ಪ್ರಪಂಚ ಎರಡು ಪಾಲಾಗಿದೆ. ಒಂದು ಕಡೆ ಓಟು ಹಾಕಿ ಸರಕಾರ ಮಾಡುವ ದೇಶಗಳು, ಇನ್ನೊಂದು ಕಡೆ ಒಬ್ಬನೇ ಮಾತಾಡಿ ಉಳಿದವರೆಲ್ಲ ತಲೆ ಆಡಿಸುವ ದೇಶಗಳು. ಓಟಿನ ದೇಶದವರು ರಷ್ಯಾದ ಎಣ್ಣೆ ಕೊಳ್ಳಬಾರದೆಂದು ಕಟ್ಟುಮಾಡಿದ್ದಾರೆ. ರಷ್ಯಾದವರು ಹಳೇ ಹಡಗುಗಳಿಗೆ ಹೆಸರು ಬದಲಿಸಿ, ಯಾವುದೋ ದೇಶದ ಬಾವುಟ ಕಟ್ಟಿ ಕದ್ದು ಸಾಗಿಸುತ್ತಾರೆ. ತಿಲಕರ ಹಡಗಿಗೂ ಎರಡು ವರ್ಷದಲ್ಲಿ ಮೂರು ಹೆಸರಾಗಿತ್ತು. ಈಗಿನ ಹೆಸರು ಅಲ್ಮೀರಾ, ನಾವು ಅದನ್ನು ಕಪಾಟು ಎಂದು ಹೇಳಿ ನಗುತ್ತಿದ್ದೆವು. ಈಚೆಗೆ ಆ ಹಡಗುಗಳ ಮೇಲೆ, ಅವು ಎಣ್ಣೆ ತುಂಬುವ ಬಂದರುಗಳ ಮೇಲೆ ಡ್ರೋನ್ ಬೀಳುತ್ತಿವೆ. ಅದಕ್ಕೆ ಕೆಲವು ಹಡಗುಗಳಲ್ಲಿ ಆ ದೇಶದವರು ಬಂದೂಕು ಹಿಡಿದು ಕಾವಲಿಗೆ ಕುಳಿತಿರುತ್ತಾರಂತೆ. ನಾಲ್ಕು ಹಾಸಿಗೆ ಅವರಿಗೆ, ಬೀಟ್ರೂಟು ಅವರ ಸಾರಿಗೆ.

“ಫುಜೈರಾ ಅಲ್ಲ ಸೇವಂತಿ ಇದು,” ಎಂದರು ಐತ ಮಾವ. “ಯುದ್ಧದ ಬಂದರಿಗೇ ಹೋಗುದು. ನಾನು ಇರಾನ್-ಇರಾಕ್ ಹೊತ್ತಿಗೆ ಟ್ಯಾಂಕರಿನಲ್ಲಿ ಇದ್ದವ. ಬೆಂಕಿ ಬಿದ್ರೆ ಮೊದ್ಲು ಹೊಗೆ ತುಂಬುದು ಅಡುಗೆಮನೆಗೆ.”

ನನಗೆ ಭಯ ಆದದ್ದು ಆಗ. ಗ್ರೈಂಡರ್ ಪಕ್ಕ ಒದ್ದೆ ನೆಲದ ಮೇಲೆಯೇ ಕುಳಿತುಬಿಟ್ಟೆ.

ಮರುದಿನವೇ ಮಲಾಡಿಗೆ ಹೋದೆ. ತಿಲಕರನ್ನು ಹಡಗಿಗೆ ಹಚ್ಚಿದ ಏಜೆಂಟ್ ಅಮೋಲನ ಆಫೀಸು ಅಲ್ಲಿ. ಅಮೋಲ್ ಮರಾಠಿಯವನು, ಆದರೆ ಕನ್ನಡ ಚೆನ್ನಾಗಿ ಬರುತ್ತದೆ. ಪ್ರಾಯದಲ್ಲಿ ಆರು ವರ್ಷ ನಮ್ಮವರ ಹೋಟೆಲಿನ ಗಲ್ಲಾದಲ್ಲಿ ಕುಳಿತವನು, ತುಳುವಿನಲ್ಲಾದರೆ ಬೈಗುಳವಷ್ಟೇ ತಿಳಿಯುತ್ತದೆ. ಚಹಾ ತರಿಸಿದ. ನನ್ನನ್ನು ಅವನು ಕರೆಯುವುದು ವಹಿನಿ, ಅಂದರೆ ಅತ್ತಿಗೆ ಎಂದು. ನನ್ನ ಪ್ರಶ್ನೆ ಕೇಳಿ ನಕ್ಕ. ಟೆನ್ಷನ್ ಬೇಡ ವಹಿನಿ, ಫುಜೈರಾ ಅಂದರೆ ಫುಜೈರಾ, ಟಿವಿ ನೋಡುವುದು ಕಡಿಮೆ ಮಾಡಿ ಎಂದ. ಹದಿನೈದು ಮೂಟೆ ಅಕ್ಕಿಯ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಯಾಕೋ ನುಂಗಿಕೊಂಡೆ. ಆ ನುಂಗಿದ್ದೇ ಒಳ್ಳೆಯದಾಯಿತು ಎಂದು ಈಗಲೂ ಅನ್ನಿಸುತ್ತದೆ. ಎದ್ದು ಬರುವಾಗ ಅವನು ಹಿಂದಿನಿಂದ ಮೆಲ್ಲಗೆ ಹೇಳಿದ, ಹಡಗಿನ ವಿಷಯ ಹೊರಗೆ ಮಾತಾಡಬೇಡಿ, ದುಬೈಯ ಮಾಲೀಕರು ಒಳ್ಳೆಯ ಜನ ಅಲ್ಲ. ನಗು ಇರಲಿಲ್ಲ ಆಗ.

ಒಂಬತ್ತನೆಯ ದಿನ ತಿಲಕ್ ಫೋನ್ ಮಾಡಿದರು. ಧ್ವನಿ ಇಳಿದುಹೋಗಿತ್ತು. ಸೂಯೆಜ್ ಹತ್ತಿರ ಇದ್ದೇವೆ, ಫುಜೈರಾದ ಹೆಸರನ್ನೇ ಯಾರೂ ಎತ್ತುತ್ತಿಲ್ಲ, ನಾಳೆಯಿಂದ ಎಲ್ಲರ ಫೋನು ಕ್ಯಾಪ್ಟನ್ ಹತ್ತಿರ ಇಡಬೇಕು ಎಂದರು. ನಾಲ್ವರು ಬಂದಿದ್ದಾರೆ, ಊಟಕ್ಕೆ ಕುಳಿತರೂ ಬಂದೂಕು ಮೇಜಿನ ಮೇಲೇ ಇಡುತ್ತಾರೆ, ಬೀಟ್ರೂಟು ಸಾರು ಮಾಡಲು ಕಲಿತೆ ಎಂದರು. ಮತ್ತೆ ಒಂದು ಮಾತು ಹೇಳಿದರು.

“ಮೊಸರಿಗೆ ಹೆಪ್ಪು ಹಾಕುದು ಬಿಟ್ಟಿದ್ದೇನೆ ಮಾರಾಯ್ತಿ. ಮನಸ್ಸು ಬರುದಿಲ್ಲ.”

ಆ ಹೆಪ್ಪನ್ನು ಅವರು ಪ್ರತಿಸಲ ನಮ್ಮ ಮನೆಯಿಂದಲೇ ಸಣ್ಣ ಡಬ್ಬಿಯಲ್ಲಿ ಕೊಂಡುಹೋಗುತ್ತಾರೆ. ಯಾವ ಸಮುದ್ರದಲ್ಲೂ ಕೆಡಲು ಬಿಟ್ಟದ್ದಿಲ್ಲ. ನನ್ನ ಗಂಡ ಹೆದರಿದ್ದಾರೆ ಎಂದು ನನಗೆ ಅದರಲ್ಲಿ ಗೊತ್ತಾಯಿತು. ಹೆದರಿದ್ದೇನೆ ಎಂದು ಬಾಯಿಬಿಟ್ಟು ಹೇಳುವ ಗಂಡಸಲ್ಲ ಅವರು.

ಯುರೋಪಿನಲ್ಲಿ ಇಂಥ ಹಡಗುಗಳ ಮೇಲೆ ಕಣ್ಣಿಡುವ ಒಂದು ಕಚೇರಿಯ ವಿಳಾಸವನ್ನು ವಿಜೇತಾ ಹುಡುಕಿ ತೆಗೆದಳು. ಯಾರು ಬೇಕಾದರೂ ಸುಳಿವು ಕಳಿಸಬಹುದು, ಹೆಸರು ಕೊಡಬೇಕಾಗಿಲ್ಲ. ಕಳಿಸಿದರೆ ಅವರ ನೌಕಾಪಡೆ ಹಡಗನ್ನು ಹಿಡಿಯಬಹುದು, ತಿಲಕ್ ಕಳ್ಳಸಾಗಣೆಯವರೆಂದು ಜೈಲಿಗೆ ಹೋಗಬಹುದು. ಕಳಿಸದಿದ್ದರೆ ಬೆಂಕಿ. ನಾನು ಎರಡು ದಿನ ಹಿಟ್ಟಿಗೆ ಉಪ್ಪು ಹಾಕಲು ಮರೆತೆ, ನಲವತ್ತು ಮನೆಯಿಂದಲೂ ಬೈಗುಳ ಬಂತು.

ಕೊನೆಗೆ ಐತ ಮಾವನನ್ನು ಕೇಳಿದೆ, ಎಂತ ಮಾಡಲಿ ಅಂತ.

“ಯುರೋಪಿನವ್ರು ಹಿಡಿದ್ರೆ ಜೈಲು,” ಎಂದರು. “ಆದ್ರೆ ಆ ಜೈಲಿನ ಬಾಗ್ಲಿಗೆ ಒಬ್ಬ ವಕೀಲ ಬರ್ತಾನೆ, ಒಬ್ಬ ಪೇಪರಿನವ ಬರ್ತಾನೆ. ಆ ರಷ್ಯಾದ ಬಂದರಿಗೆ ಹೋದ್ರೆ ತಿಲಕ ಎಲ್ಲಿದ್ದಾನೆ ಅಂತ ಕೇಳ್ಲಿಕ್ಕೇ ಜನ ಇಲ್ಲ.”

ಇವರೇನು ದೇವರಲ್ಲ ಎಂದೂ ಸೇರಿಸಿದರು. ಮಾಲೀಕ ಓಡಿಹೋದ ಹಡಗೊಂದರಲ್ಲಿ ಅವರನ್ನು ಇದೇ ಯುರೋಪಿನ ಬಂದರಿನಲ್ಲಿ ಹನ್ನೊಂದು ತಿಂಗಳು ಕೂರಿಸಿದ್ದರಂತೆ, ಇಳಿಯಲು ಬಿಡದೆ. ಆದರೂ ಒಬ್ಬ ಪಾದ್ರಿ ಬಂದು ಬ್ರೆಡ್ ಕೊಟ್ಟು ಹೋಗುತ್ತಿದ್ದನಂತೆ. ಇಷ್ಟು ಸಾಕಾಯಿತು ನನಗೆ.

ಮನೆಯ ಫೋನಿನಿಂದ ಬೇಡವೆಂದು ವಿಜೇತಾಳ ಜೊತೆ ವಿಲೆ ಪಾರ್ಲೆಯ ಅವಳ ಕಾಲೇಜಿಗೆ ಹೋದೆ. ಅವಳು ಲೈಬ್ರರಿಯ ಕಂಪ್ಯೂಟರಿನಲ್ಲಿ ಕುಳಿತಳು, ನಾನು ಪಕ್ಕದ ಕುರ್ಚಿಯಲ್ಲಿ. ಸುತ್ತ ಮಕ್ಕಳು ಓದುತ್ತಿದ್ದರು. ಹಡಗಿನ ಹೆಸರು, ಹಳೆಯ ಎರಡು ಹೆಸರುಗಳು, ನಾಲ್ಕು ಬಂದೂಕು, ಸೂಯೆಜ್ ಮುಟ್ಟಿದ ದಿನ, ಎಲ್ಲ ಬರೆದಳು. ಅಪ್ಪನ ಹೆಸರು ತೆಗೆದಳು, ತನ್ನ ಹೆಸರು ತೆಗೆದಳು, ಊರು, ಫೋನ್ ನಂಬರು ಎಲ್ಲ ತೆಗೆದಳು. ಕೊನೆಗೆ ಸಾಮಾನಿನ ಪಟ್ಟಿ. ಅದನ್ನು ಬೇರೆ ರೀತಿ ಬರೆಯಲಾ ಎಂದು ಕೇಳಿದಳು. ಇದ್ದ ಹಾಗೆಯೇ ಹಾಕು, ಒಂದು ಸಾಲು ಬದಲಿಸಿದರೂ ಸುಳ್ಳೆಂದು ತಿಳಿದಾರು ಎಂದವಳು ನಾನೇ. ಈ ಮಾತಿಗೆ ನನ್ನನ್ನು ನಾನು ಇನ್ನೂ ಕ್ಷಮಿಸಿಲ್ಲ.

“ಅಮ್ಮಾ, ಸೆಂಡ್ ಮಾಡ್ಲಾ? ಏಕ್ ಬಾರ್ ಗಯಾ ತೋ ವಾಪಸ್ ಬರಲ್ಲ,” ಎಂದಳು ವಿಜೇತಾ.

ನಾನು ತಲೆ ಆಡಿಸಿದೆ. ಅವಳು ಬಟನ್ ಒತ್ತಿದಳು. ಸಂಜೆಯ ಲೋಕಲಿನಲ್ಲಿ ಮನೆಗೆ ಬಂದೆವು.

ಏಳನೆಯ ದಿನ ಟಿವಿಯಲ್ಲಿ ಬಂತು. ಯುರೋಪಿನ ಒಂದು ದೇಶದ ನೌಕಾಪಡೆಯವರು ಹೆಲಿಕಾಪ್ಟರಿನಿಂದ ಹಗ್ಗ ಹಿಡಿದು ಒಂದು ಎಣ್ಣೆ ಹಡಗಿನ ಮೇಲೆ ಇಳಿದರು. ಹಡಗಿನ ಹೆಸರು ಅಲ್ಮೀರಾ. ನಾಲ್ವರು ಬಂದೂಕುಧಾರಿಗಳು ಗುಂಡು ಹಾರಿಸದೆ ಶರಣಾದರು, ಇಪ್ಪತ್ತಮೂರು ಭಾರತೀಯರು ಕ್ಷೇಮ, ಹಡಗನ್ನು ಬಂದರಿಗೆ ತಂದು ಕಟ್ಟಿದ್ದಾರೆ. ಕ್ಷೇಮ ಎಂಬ ಶಬ್ದ ಕೇಳಿ ನಾನು ಅತ್ತೆ. ಐತ ಮಾವ ನನ್ನ ತಲೆ ನೇವರಿಸಿ, ನಿನ್ನಿಂದ ಇಪ್ಪತ್ತಮೂರು ಮನೆ ಉಳಿಯಿತು ಎಂದರು. ಆ ದಿನ ನಾನು ಬರೀ ಸಂತೋಷದಲ್ಲಿದ್ದೆ, ಹೆದರಬೇಕಾದದ್ದು ಇನ್ನು ಮುಂದೆ ಎಂದು ತಿಳಿಯದೆ.

ಓಟಿನ ದೇಶದಲ್ಲಿ ಎಲ್ಲವನ್ನೂ ಬಹಿರಂಗ ಮಾಡಬೇಕಂತೆ. ಹಡಗನ್ನು ಯಾಕೆ ಹಿಡಿದಿರಿ ಎಂದು ಅಲ್ಲಿಯ ನ್ಯಾಯಾಲಯ ಕೇಳಿತು, ಸರಕಾರ ತನ್ನ ಹತ್ತಿರ ಇದ್ದ ಕಾಗದವನ್ನೆಲ್ಲ ಮೇಜಿನ ಮೇಲೆ ಇಟ್ಟಿತು, ಪೇಪರಿನವರು ಅದರ ಫೋಟೋ ತೆಗೆದರು. ವಾರ ಕಳೆದು ಐತ ಮಾವ ಏದುಸಿರು ಬಿಡುತ್ತ ಮಹಡಿ ಹತ್ತಿ ಬಂದರು. ಅವರ ಮೊಬೈಲಿನಲ್ಲಿ ಆ ಫೋಟೋ ಇತ್ತು. ನಮ್ಮ ಪಟ್ಟಿ. ವಿಜೇತಾ ಟೈಪ್ ಮಾಡಿದ್ದು ಇದ್ದ ಹಾಗೆಯೇ.

“ಮೊದ್ಲ ಸಾಲು ನೋಡು ಸೇವಂತಿ,” ಎಂದರು.

ಅರಶಿನ ಕಾಲು ಕಿಲೋ.

ಹೆಸರು ತೆಗೆದಿದ್ದೆವು, ಊರು ತೆಗೆದಿದ್ದೆವು. ಪ್ರಪಂಚದಲ್ಲಿ ನಲವತ್ತು ದಿನದ ಸಾಮಾನಿಗೆ ಅರಶಿನದಿಂದ ಶುರು ಮಾಡುವ ಅಡುಗೆಯವರು ಎಷ್ಟು ಜನ? ಮೂರು ವರ್ಷದ ಪಟ್ಟಿಗಳೆಲ್ಲ ಕ್ಯಾಪ್ಟನ್ ಸಹಿಯೊಂದಿಗೆ ಹಡಗಿನ ಫೈಲಿನಲ್ಲಿವೆ, ಎಲ್ಲದರ ತಲೆಯ ಮೇಲೂ ಅರಶಿನ. ಅಂಗಡಿಗೆ ಹೋಗುವ ಪಟ್ಟಿಯನ್ನು ಕ್ಯಾಪ್ಟನ್ ಬೇರೆಯೇ ಮಾಡಿಸುವುದು, ಅದು ಅಕ್ಕಿಯಿಂದ ಶುರು. ತೆಗೆದು ಪಕ್ಕದಲ್ಲಿ ಇಟ್ಟು ನೋಡುವಷ್ಟೇ ಕೆಲಸ. ಹಡಗು ಕಟ್ಟಿಹಾಕಿದೆ, ಪೊಲೀಸರಿದ್ದಾರೆ, ಯಾರೂ ಏನೂ ಮಾಡುವುದಿಲ್ಲ ಎಂದು ಐತ ಮಾವ ಸಮಾಧಾನ ಹೇಳಿದರು. ಹೇಳುತ್ತಲೇ ಹೋಗಿ ಬಾಗಿಲಿನ ಚಿಲಕ ಹಾಕಿದರು.

ಹಡಗನ್ನು ಬಿಡುತ್ತಾರೆಂಬ ಸುದ್ದಿ ಶನಿವಾರ ಬಂತು. ರಷ್ಯಾದ ಸರಕಾರ ತನ್ನಲ್ಲಿದ್ದ ಆ ಯುರೋಪಿನ ದೇಶದ ಇಬ್ಬರು ಪತ್ರಕರ್ತರನ್ನು ಹಿಡಿದು ಒಳಗೆ ಹಾಕಿತ್ತಂತೆ. ಮಾತುಕತೆ ಆಯಿತು, ಅವರನ್ನು ಅಲ್ಲಿ ಬಿಟ್ಟರು, ಹಡಗನ್ನೂ ಆ ನಾಲ್ವರನ್ನೂ ಯುರೋಪಿನವರು ಬಿಟ್ಟರು. ದೊಡ್ಡವರ ಲೆಕ್ಕ ಚುಕ್ತಾ ಆಯಿತು, ನಡುವೆ ಅಡುಗೆಯವನೊಬ್ಬ ಇದ್ದಾನೆಂದು ಯಾರಿಗೆ ನೆನಪು?

ಭಾನುವಾರ ಹನ್ನೊಂದು ಗಂಟೆಗೆ ಅಮೋಲ್ ನಮ್ಮ ಬಾಗಿಲಿಗೆ ಬಂದ. ಐತ ಮಾವ ಅವನ ಹಿಂದೆಯೇ ಬಂದು ಮೂಲೆಯ ಸ್ಟೂಲಿನಲ್ಲಿ ಕುಳಿತರು. ಅಮೋಲ್ ಶೇವ್ ಮಾಡಿರಲಿಲ್ಲ, ಕಣ್ಣು ಕೆಂಪಾಗಿತ್ತು. ನಾಳೆ ಬೆಳಿಗ್ಗೆ ಹಡಗು ಹೊರಡುತ್ತದೆ ಎಂದ. ಅಲ್ಲಿಯ ಪೊಲೀಸರು ಬಂದರಿನಲ್ಲಿ ಮೇಜು ಹಾಕಿಕೊಂಡು ಕುಳಿತಿದ್ದಾರೆ. ಯಾರಿಗೆ ಹಡಗು ಬೇಡವೋ ಅವರು ಇವತ್ತು ಸಂಜೆಯೊಳಗೆ ಸಹಿ ಹಾಕಿದರೆ ವಿಮಾನದಲ್ಲಿ ಊರಿಗೆ ಕಳಿಸುತ್ತಾರೆ. ಒಬ್ಬನೂ ಸಹಿ ಹಾಕಬಾರದು ಎಂದು ಮಾಲೀಕರ ಹುಕುಂ. ಅದಕ್ಕೆ ಅವನು ಮನೆ ಮನೆಗೆ ಹೋಗಿ ಹೆಂಡಂದಿರಿಂದ ಫೋನಿನಲ್ಲಿ ಹೇಳಿಸುತ್ತಿದ್ದ.

ಕಿಸೆಯಿಂದ ಮಡಚಿದ ಕಾಗದ ತೆಗೆದು ಮೇಜಿನ ಮೇಲೆ ಬಿಡಿಸಿಟ್ಟ. ಅದೇ ಫೋಟೋದ ಪ್ರಿಂಟು.

“ಇದು ಹಡಗಿನ ಒಳಗಿಂದ ಹೋಗಿದೆ ವಹಿನಿ,” ಎಂದ. “ಯಾರು ಅಂತ ಕ್ಯಾಪ್ಟನ್ ಹುಡುಕ್ತಿದ್ದಾರೆ. ಆ ನಾಲ್ಕು ಜನ ಭೀ ಹುಡುಕ್ತಿದ್ದಾರೆ.”

ನಾನು ಕಾಗದದ ಕಡೆ ನೋಡದೆ ಅವನಿಗೆ ಕಾಫಿ ತಂದುಕೊಟ್ಟೆ. ಸಕ್ಕರೆ ಸಾಕೋ ಎಂದು ಕೇಳಿದೆ. ವಿಜೇತಾ ಬಾಗಿಲ ಹಿಂದೆ ನಿಂತಿದ್ದಳು, ಅವಳ ಉಸಿರು ನನಗೆ ಕೇಳಿಸುತ್ತಿತ್ತು. ಅಮೋಲ್ ತನ್ನ ಫೋನಿನಿಂದಲೇ ಹಡಗಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿ ಮೇಜಿನ ಮೇಲೆ ಇಟ್ಟ. ಕನ್ನಡದಲ್ಲಿ ಮಾತಾಡಿ, ತುಳು ಬೇಡ ಎಂದ. ನನ್ನದು ಬ್ರಹ್ಮಾವರದ ಕಡೆಯ ಕನ್ನಡ, ತಿಲಕರದು ತುಳು, ಮನೆಯಲ್ಲಿ ನಾವು ಮೊದಲಿಂದಲೂ ಆಡುವುದು ಕನ್ನಡವೇ. ಬೇರೆ ಭಾಷೆಯಲ್ಲಿ ಗುಟ್ಟಾಗಿ ಹೇಳುವ ದಾರಿಯೂ ನನಗಿರಲಿಲ್ಲ.

ತಿಲಕ್ ಸಿಕ್ಕಿದರು. ಧ್ವನಿಯಲ್ಲಿ ಗೆಲುವಿತ್ತು. ಇಪ್ಪತ್ತಮೂರು ಜನವೂ ಹಡಗಿನಲ್ಲೇ ಹೋಗುತ್ತೇವೆ, ಆರು ತಿಂಗಳ ಸಂಬಳ ಹೊರಟ ಕೂಡಲೇ ಕೊಡುತ್ತಾರಂತೆ, ಕ್ಯಾಪ್ಟನ್ ಈಗ ಬಹಳ ಪ್ರೀತಿಯಿಂದ ಮಾತಾಡುತ್ತಾರೆ ಎಂದರು. ಪಟ್ಟಿ ಪೇಪರಿಗೆ ಬಂದದ್ದು ಅವರಿಗೆ ಗೊತ್ತಿರಲಿಲ್ಲ. ಹಡಗಿನವರಿಗೆ ಪೇಪರ್ ತೋರಿಸುವವರು ಯಾರು?

“ಹಳೇ ಪಟ್ಟಿ ಎಲ್ಲ ತೆಗೆದಿಡು ಅಂದಿದ್ದಾರೆ ಕ್ಯಾಪ್ಟನ್,” ಎಂದರು. “ಹಡಗು ಹೊರಟ ಮೇಲೆ ಒಟ್ಟಿಗೆ ಕೂತು ನೋಡುವ ಅಂತ.”

ಕೂಗಿ ಹೇಳಿಬಿಡೋಣ ಅನ್ನಿಸಿತು. ಹೇಳಿದರೆ ಅಮೋಲನ ಒಂದು ಫೋನು ಸಾಕು, ತಿಲಕ್ ಆ ಮೇಜಿನ ಹತ್ತಿರ ಮುಟ್ಟುವುದಿಲ್ಲ. ಅಮೋಲ್ ಕೈಸನ್ನೆ ಮಾಡಿದ. ಅವನು ಹೇಳಿಕೊಟ್ಟದ್ದನ್ನು ಹಾಗೆಯೇ ಒಪ್ಪಿಸಿದೆ, ಹಡಗಿನಲ್ಲೇ ಹೋಗಿ, ಸಹಿ ಹಾಕಬೇಡಿ, ಅಮೋಲ್ ಭಾಯಿ ಇಲ್ಲೇ ಕುಳಿತಿದ್ದಾರೆ ಎಂದು. ಅಮೋಲ್ ಸಮಾಧಾನದಿಂದ ಕಾಫಿ ಕುಡಿದ. ಆಗ ನಾನು ಹೇಳಿದೆ.

“ಹಡಗು ಹೊರಡುವ ಮೊದ್ಲು ಸಾಮಾನಿನ ಪಟ್ಟಿ ಆಗ್ಬೇಕಲ್ಲ. ಇವತ್ತು ನಾನು ಹೇಳ್ತೇನೆ, ನೀವು ಬರ್ಕೊಳ್ಳಿ.”

ಅತ್ತ ಕಡೆ ಕಾಗದ ಹುಡುಕುವ ಸದ್ದಾಯಿತು. ಮೂರು ವರ್ಷದಲ್ಲಿ ಹೇಳಿದವರು ಅವರು, ಬರೆದವರು ನಾವು.

“ಹೇಳು,” ಎಂದರು.

“ಉಪ್ಪು ಒಂದು ಕಿಲೋ. ಅಕ್ಕಿ. ಬೆಲ್ಲ. ಎಳ್ಳು.”

“ಅರಶಿನ ಬಿಟ್ಟಿ ನೀನು.”

“ಬಿಡ್ಲಿಲ್ಲ. ಈ ಪಟ್ಟಿಗೆ ಅರಶಿನ ಇಲ್ಲ.”

ಎಲ್ಲೋ ದೂರದಲ್ಲಿ ಕ್ರೇನು ಕಿರುಗುಟ್ಟುವುದು ಫೋನಿನಲ್ಲಿ ಕೇಳಿಸಿತು. ಐತ ಮಾವ ತಲೆ ತಗ್ಗಿಸಿ ನೆಲ ನೋಡುತ್ತಿದ್ದರು. ಅಮೋಲ್ ಲೋಟ ಕೆಳಗಿಟ್ಟ.

“ಎಷ್ಟು ಜನಕ್ಕೆ?” ಎಂದರು ತಿಲಕ್. ಧ್ವನಿ ಬೇರೆಯಾಗಿತ್ತು.

“ಒಬ್ಬರಿಗೆ.”

ನಾನು ಮನಸ್ಸಿನಲ್ಲೇ ದೇವರನ್ನು ಬೇಡುತ್ತಿದ್ದೆ, ಇನ್ನೇನೂ ಕೇಳದಿರಲಿ ಅಂತ. ಅವರು ಕೇಳಲಿಲ್ಲ.

“ಆಯ್ತು, ಬರ್ಕೊಂಡೆ,” ಎಂದರು. “ಪೆನ್ನು ಕೈಯಲ್ಲೇ ಉಂಟು. ಇಡ್ತೇನೆ.”

ಅಮೋಲ್ ಥ್ಯಾಂಕ್ಸ್ ಹೇಳಿ ಎದ್ದ. ಇನ್ನೂ ಐದು ಮನೆಗೆ ಹೋಗಬೇಕಿತ್ತಂತೆ. ಕಾಗದ ಮಡಚುತ್ತ ಹೊಸ್ತಿಲವರೆಗೆ ಹೋದವನು ಅಲ್ಲೇ ನಿಂತ. ಮಡಚಿದ್ದನ್ನು ಮತ್ತೆ ಬಿಡಿಸಿದ. ಬಹಳ ಹೊತ್ತು ನೋಡಿದ.

“ನಾನು ಗಲ್ಲಾದಲ್ಲಿದ್ದಾಗ ನಮ್ಮ ಸೇಠ್ ಕೂಡ ಅರಶಿನ ಮೊದ್ಲು ಬರೆಸ್ತಿದ್ರು ವಹಿನಿ,” ಎಂದ.

ನಾನು ಅವನು ಕುಡಿದಿಟ್ಟ ಲೋಟ ಎತ್ತಿಕೊಂಡೆ. ಅವನು ನನ್ನನ್ನು ನೋಡಿದ, ಬಾಗಿಲ ಹಿಂದಿನ ವಿಜೇತಾಳನ್ನು ನೋಡಿದ. ಕೈಯಲ್ಲಿದ್ದ ಫೋನ್ ರಿಂಗ್ ಆಯಿತು, ದುಬೈಯ ನಂಬರು. ಎತ್ತಲಿಲ್ಲ. ಅದು ಬಡಿದು ಬಡಿದು ನಿಂತಿತು, ಮತ್ತೆ ಶುರುವಾಯಿತು. ಅವನ ಮುಖದ ಮೇಲೆ ಬೆವರಿತ್ತು. ನನ್ನಷ್ಟೇ ಅವನೂ ಹೆದರಿದ್ದಾನೆ ಎಂದು ಆಗ ನನಗೆ ಹೊಳೆಯಿತು.

“ಬಾಗಿಲು ಹಾಕ್ಕೊಳ್ಳಿ,” ಎಂದು ಹೇಳಿ ಅವನು ಇಳಿದುಹೋದ. ಮೆಟ್ಟಿಲಿನ ಕೊನೆಯಲ್ಲಿ ಅವನು ಫೋನಿನಲ್ಲಿ ಮಾತಾಡುವುದು ಕೇಳಿಸಿತು. ಏನು ಮಾತಾಡಿದನೆಂದು ತಿಳಿಯಲಿಲ್ಲ.

ಆಮೇಲಿನ ನಾಲ್ಕು ಗಂಟೆ ಹೇಗೆ ಕಳೆದೆ ಎಂದು ನನ್ನನ್ನು ಕೇಳಬೇಡಿ. ಮೂವರೂ ಕುಳಿತಲ್ಲೇ ಕುಳಿತಿದ್ದೆವು, ಒಲೆ ಹಚ್ಚಲಿಲ್ಲ. ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ವಿಜೇತಾಳ ಫೋನಿಗೆ ಗೊತ್ತಿಲ್ಲದ ನಂಬರಿನಿಂದ ಸಣ್ಣ ಧ್ವನಿ ಸಂದೇಶ ಬಂತು. “ಸಹಿ ಆಯ್ತು. ಪೊಲೀಸರ ಕೋಣೆಯಲ್ಲಿದ್ದೇನೆ. ಬೇರೆ ಯಾರೂ ಬರ್ಲಿಲ್ಲ, ನಾನೊಬ್ಬನೇ.” ಅಷ್ಟೇ ಇತ್ತು. ವಿಜೇತಾ ಅದನ್ನು ಹನ್ನೆರಡು ಸಲ ಹಾಕಿ ಕೇಳಿದಳು.

ಹದಿನೇಳನೆಯ ದಿನ ತಿಲಕ್ ವಿಮಾನದಲ್ಲಿ ಬಂದಿಳಿದರು. ಸೊರಗಿದ್ದರು. ಹಡಗಿನಲ್ಲಿ ಕೆಲಸ ಸಿಗಲು ಬೇಕಾದ ಪುಸ್ತಕ ಹೋಯಿತು, ಸಂಬಳ ಹೋಯಿತು, ಮೊಸರಿನ ಡಬ್ಬಿಯೂ ಹಡಗಿನಲ್ಲೇ ಉಳಿಯಿತು. ನಾನು ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ, ಹೊಗಳಲೂ ಇಲ್ಲ. ಉಳಿದ ಇಪ್ಪತ್ತೆರಡು ಜನ ಎಲ್ಲಿದ್ದಾರೋ ಎಂದರು. ಅಲ್ಮೀರಾ ಈಗ ಯಾವ ಹೆಸರಿನಲ್ಲಿ ತಿರುಗುತ್ತಿದೆಯೋ, ಐತ ಮಾವನ ಮೂರು ಪೇಪರಿನಲ್ಲೂ ಇಲ್ಲ. ಅಮೋಲನ ಆಫೀಸಿಗೆ ಬೀಗ ಬಿದ್ದು ತಿಂಗಳಾಯಿತು, ಅವನು ಓಡಿಹೋದನೋ, ಅವನನ್ನು ಯಾರಾದರೂ ಕರೆದುಕೊಂಡು ಹೋದರೋ ಗೊತ್ತಿಲ್ಲ. ಹೊರದೇಶದ ನಂಬರಿನಿಂದ ಫೋನ್ ಬಂದರೆ ನಾವು ಎತ್ತುವುದಿಲ್ಲ. ಮೆಟ್ಟಿಲಿನಲ್ಲಿ ಗುರುತಿಲ್ಲದ ಹೆಜ್ಜೆ ಕೇಳಿದರೆ ನಾನು ಗ್ರೈಂಡರ್ ಆಫ್ ಮಾಡಿ ಕಿವಿಗೊಡುತ್ತೇನೆ.

ತಿಲಕ್ ಈಗ ಮತ್ತೆ ವಿಲೆ ಪಾರ್ಲೆಯ ಹೋಟೆಲಿಗೆ ಹೋಗುತ್ತಾರೆ. ಮೊನ್ನೆ ಮನೆಯ ತಿಂಗಳ ಸಾಮಾನಿಗೆ ಪಟ್ಟಿ ಬರೆಯಲು ಕುಳಿತೆ. ಉಪ್ಪು ಬರೆದೆ, ತೊಗರಿಬೇಳೆ ಬರೆದೆ, ಮೆಣಸು ಬರೆದೆ. ಅರಶಿನವನ್ನು ಕೆಳಗೆ, ಸಾಬೂನು ಮತ್ತು ಬೆಂಕಿಪೊಟ್ಟಣದ ನಡುವೆ ಸೇರಿಸಿದೆ. ಅಂಗಡಿಯವನ ಕೈಗೆ ಹೋಗುವ ಕಾಗದ, ಎಲ್ಲೆಲ್ಲಿ ತಿರುಗುತ್ತದೋ ಯಾರು ಕಂಡಿದ್ದಾರೆ. ತಿಲಕ್ ಹಿಂದಿನಿಂದ ಬಂದು ಅದನ್ನು ಓದಿದರು. ನನ್ನ ಮನೆಯಲ್ಲಿ ದಿನಾ ಬೊಜ್ಜದ ಪಟ್ಟಿಯಾ ಎಂದು ಬೈದಾರು ಎಂದುಕೊಂಡೆ. ಅವರು ಕಾಗದವನ್ನು ಮಡಚಿ ಕಿಸೆಗೆ ಹಾಕಿ, ಚೀಲ ತೆಗೆದುಕೊಂಡು ಅಂಗಡಿಗೆ ಹೋದರು.